ಐವತ್ತು ಸಾವಿರಕ್ಕೆ ಯಾವ ಕಂಪ್ಯೂಟರ್? ಬೆಲೆ ಮತ್ತು ಗುಣಮಟ್ಟ ಎರಡನ್ನೂ ತೂಗಿ ನೋಡುವ ಬಗೆ

ಮನೆಗೊಂದು ಕಂಪ್ಯೂಟರ್ ಬೇಕು. ಕೈಯಲ್ಲಿ ಐವತ್ತು, ಅರವತ್ತು ಸಾವಿರ ಇದೆ. ಈ ದುಡ್ಡಿನೊಳಗೆ ಇವತ್ತು ಐದು ಬಗೆಯ ಯಂತ್ರಗಳು ಸಿಗುತ್ತವೆ. ಹೊಸ ಲ್ಯಾಪ್‌ಟಾಪ್, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಜೋಡಿಸಿ ಕೊಡುವ ಅಸೆಂಬಲ್ಡ್ ಪಿಸಿ, ಡೆಲ್, ಎಚ್‌ಪಿ, ಲೆನೊವೊಗಳ ಬ್ರ್ಯಾಂಡೆಡ್ ಡೆಸ್ಕ್‌ಟಾಪ್, ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಯಂತ್ರ, ಕೊನೆಗೆ ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಆದ ಮ್ಯಾಕ್ ಮಿನಿ.

ಅಂಗಡಿಗೆ ಹೋದರೆ ಕೇಳಿಬರುವ ಮಾತು ಒಂದೇ: "ಐ5 ಇದೆ ಸಾರ್, 16 ಜಿಬಿ, ಆಫರ್ ನಾಳೆವರೆಗೆ ಮಾತ್ರ." ಈ ಮಾತಿನಿಂದ ಯಂತ್ರ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದಿಲ್ಲ. ಹೋಲಿಸಬೇಕಾದರೆ ಎರಡು ಸಂಗತಿ ಬೇಕು. ಒಂದು, ಯಂತ್ರದ ಮೆದುಳಾದ ಪ್ರೊಸೆಸರಿನ ಪೂರ್ತಿ ಮಾದರಿ ಸಂಖ್ಯೆ. ಇನ್ನೊಂದು, ಈ ಯಂತ್ರ ನಿಮ್ಮ ಕೆಲಸಕ್ಕೆ ಎಷ್ಟು ವರ್ಷ ಸಾಕಾಗುತ್ತದೆ ಎಂಬ ಅಂದಾಜು. ಚೀಟಿಯ ಮೇಲಿನ ಬೆಲೆಯನ್ನು ಆ ವರ್ಷಗಳಿಂದ ಭಾಗಿಸಿ ನೋಡಿದರೆ ಎಷ್ಟೋ ಸಲ ಅಗ್ಗದ್ದು ದುಬಾರಿಯಾಗುತ್ತದೆ, ದುಬಾರಿ ಎನಿಸಿದ್ದು ಅಗ್ಗವಾಗುತ್ತದೆ.

ಮೊದಲು ತಂತ್ರಾಂಶ, ಆಮೇಲೆ ಯಂತ್ರ

ನೀವು ದಿನಾ ಯಾವ ತಂತ್ರಾಂಶ ಬಳಸುತ್ತೀರಿ ಎಂದು ಒಂದು ಕಾಗದದ ಮೇಲೆ ಬರೆಯಿರಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಟ್ಯಾಲಿ ಬೇಕಾದ ಅಂಗಡಿಗೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕಡತ ಮಾಡುವ ಸರ್ಕಾರಿ ಕಚೇರಿಯವರಿಗೆ ವಿಂಡೋಸ್ ಬೇಕು. ಮೆಕ್ಯಾನಿಕಲ್ ವಿದ್ಯಾರ್ಥಿಯ ಸಾಲಿಡ್‌ವರ್ಕ್ಸ್, ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದುವವರ ರೆವಿಟ್ ಇವು ವಿಂಡೋಸ್‌ಗೆಂದೇ ಇರುವ ತಂತ್ರಾಂಶಗಳು. ಇಂಥವರು ಮ್ಯಾಕ್ ಬಗ್ಗೆ ಯೋಚಿಸುವುದನ್ನು ಇಲ್ಲಿಗೇ ಬಿಡಬಹುದು. ಬ್ರೌಸರ್, ಆನ್‌ಲೈನ್ ತರಗತಿ, ಪತ್ರ, ಲೆಕ್ಕದ ಹಾಳೆ, ಪೈಥಾನ್ ಕಲಿಕೆ ಇಷ್ಟೇ ಎನ್ನುವವರಿಗೆ ಐದೂ ದಾರಿ ತೆರೆದಿವೆ.

ಇನ್ನೊಂದು ಪ್ರಶ್ನೆ: ಯಂತ್ರವನ್ನು ಹೊತ್ತುಕೊಂಡು ಹೋಗಬೇಕಾ? ಹಾಸ್ಟೆಲ್ಲಿನಲ್ಲಿರುವ ಮಕ್ಕಳಿಗೆ ಹೌದು. ಮನೆಯ ಮೇಜಿನಿಂದ ಕದಲದ ಯಂತ್ರಕ್ಕೆ ಲ್ಯಾಪ್‌ಟಾಪ್ ತೆಗೆದುಕೊಂಡರೆ ಚಿಕ್ಕ ಪರದೆಗೂ ಬದಲಿಸಲಾಗದ ಭಾಗಗಳಿಗೂ ಸುಮ್ನೆ ಜಾಸ್ತಿ ದುಡ್ಡು ಕೊಟ್ಟಂತೆ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಮಾತ್ರ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಐ5 ಅಂದರೆ ಯಾವ ಐ5?

ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇಂಟೆಲ್ ಕಂಪನಿಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳಲ್ಲಿ ಐ5-1235ಯು ಮತ್ತು ಐ5-12450ಎಚ್ ಎರಡೂ 12ನೇ ತಲೆಮಾರಿನ ಐ5ಗಳೇ. ಮೊದಲನೆಯದರಲ್ಲಿ 10 ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ 8. ಕೋರ್ ಲೆಕ್ಕ ನೋಡಿದರೆ ಮೊದಲನೆಯದೇ ದೊಡ್ಡದು ಅನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಬಲವಾದ ಕೋರ್ 2 ಮಾತ್ರ, ಉಳಿದ 8 ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು. 12450ಎಚ್‌ನಲ್ಲಿ ಬಲವಾದವು 4, ಸಣ್ಣವು 4. ಯು ಮಾದರಿಗೆ ಇಂಟೆಲ್ ಇಟ್ಟಿರುವ ಮೂಲ ವಿದ್ಯುತ್ ಮಿತಿ 15 ವಾಟ್, ಎಚ್ ಮಾದರಿಗೆ 45 ವಾಟ್. ವಿಡಿಯೋ ಎಡಿಟಿಂಗ್, ಕೋಡ್ ಕಂಪೈಲ್ ಮಾಡುವಂಥ ಹೊತ್ತು ಹಿಡಿಯುವ ಕೆಲಸದಲ್ಲಿ ಎಚ್ ಮುಂದೆ. ಬ್ಯಾಟರಿ ಹೆಚ್ಚು ಹೊತ್ತು ಬರಬೇಕು, ಬಿಸಿ ಕಡಿಮೆ ಇರಬೇಕು ಅಂದರೆ ಯು ಮೇಲು. ಎರಡಕ್ಕೂ ಅಂಗಡಿಯ ಚೀಟಿಯ ಮೇಲೆ ಬರೆಯುವುದು ಐ5 ಅಂತಲೇ.

ಐ3ಯಲ್ಲಿ ಇನ್ನೂ ಎಚ್ಚರ ಬೇಕು. ಐ3-ಎನ್305ರಲ್ಲಿ 8 ಕೋರ್ ಇವೆ, ಆದರೆ ಎಂಟೂ ಸಣ್ಣ ಕೋರ್‌ಗಳೇ. ಐ3-1215ಯುನಲ್ಲಿ ಒಟ್ಟು 6 ಕೋರ್, ಅದರಲ್ಲಿ 2 ಬಲವಾದವು. ದಿನಬಳಕೆಯಲ್ಲಿ, ಅಂದರೆ ಒಂದು ಪುಟ ತೆರೆಯುವುದು, ಒಂದು ಕಡತ ಹುಡುಕುವುದು, ಇಂಥದ್ದರಲ್ಲಿ 1215ಯು ಚುರುಕಾಗಿರುತ್ತದೆ. ಎರಡರ ಬೆಲೆ ಹತ್ತಿರ ಇದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿಯ ಸಂಖ್ಯೆಗಳು ಇನ್ನೂ ದಾರಿ ತಪ್ಪಿಸುತ್ತವೆ. ರೈಜನ್ 5 7520ಯು ಮತ್ತು ರೈಜನ್ 5 7530ಯು ನಡುವೆ ಇರುವುದು ಒಂದೇ ಅಂಕಿಯ ವ್ಯತ್ಯಾಸ. ಒಳಗಿನ ಅಂತರ ಮಾತ್ರ ದೊಡ್ಡದು. 7520ಯು ಒಳಗಿರುವುದು 2019ರ ಜೆನ್ 2 ವಿನ್ಯಾಸ, 4 ಕೋರ್. 7530ಯು ಒಳಗಿರುವುದು ಜೆನ್ 3, 6 ಕೋರ್. ಗುಟ್ಟು ಮೂರನೇ ಅಂಕಿಯಲ್ಲಿದೆ. 7000 ಮತ್ತು 8000 ಸರಣಿಯ ಲ್ಯಾಪ್‌ಟಾಪ್ ರೈಜನ್‌ಗಳಲ್ಲಿ ಮೂರನೇ ಅಂಕಿ 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3 ಅಥವಾ ಅದರ ಸುಧಾರಿತ ರೂಪ, 4 ಇದ್ದರೆ ಜೆನ್ 4. ಮೊದಲ ಅಂಕಿ ಮಾದರಿ ಬಂದ ವರ್ಷವನ್ನಷ್ಟೇ ಹೇಳುತ್ತದೆ. ದೊಡ್ಡ ಸಂಖ್ಯೆ ಕಂಡ ಕೂಡಲೇ ಹೊಸದು ಅಂದುಕೊಳ್ಳುವವರು ಬೀಳುವುದು ಈ ಗುಂಡಿಗೇ. 7520ಯು ಹಾಕಿದ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ (ತೆರೆದ ತಂತ್ರಾಂಶಗಳು ಓಡುವ ಮೆಮೊರಿ) ಯಂತ್ರದ ಮುಖ್ಯ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿಯದು ತೆಗೆದುಕೊಂಡರೆ ಕೊನೆತನಕ 8 ಜಿಬಿಯೇ.

ಹೊಸ ಹೆಸರಿಗೂ ಹೊಸ ಚಿಪ್ಪಿಗೂ ಸಂಬಂಧ ಇರಲೇಬೇಕೆಂದಿಲ್ಲ. 2024ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ 5 120ಯುನಲ್ಲಿ "ಐ" ಅಕ್ಷರ ಹೋಗಿದೆ, ಆದರೆ ಒಳಗಿರುವುದು 13ನೇ ತಲೆಮಾರಿನಲ್ಲಿದ್ದ ಅದೇ 2 ಮತ್ತು 8 ಕೋರ್‌ಗಳ ಜೋಡಣೆ, ವೇಗ ಸ್ವಲ್ಪ ಏರಿಸಿದ್ದಾರೆ ಅಷ್ಟೆ. ಹೆಸರಲ್ಲಿ "ಅಲ್ಟ್ರಾ" ಇರುವವು ಬೇರೆ ವಿನ್ಯಾಸದವು. ಹಾಗಾಗಿ ಹಿಂದಿನ ತಲೆಮಾರಿನದು ನಾಲ್ಕೈದು ಸಾವಿರ ಕಡಿಮೆಗೆ ಸಿಕ್ಕರೆ ಬಿಡಬೇಡಿ. ಉಳಿದ ದುಡ್ಡು ರ‍್ಯಾಮಿಗೆ ಹಾಕಿ.

ಮಾದರಿ ಸಂಖ್ಯೆ ಸಿಕ್ಕ ಮೇಲೆ ಎರಡು ಪ್ರೊಸೆಸರ್‌ಗಳನ್ನು ಹೋಲಿಸಲು ಪಾಸ್‌ಮಾರ್ಕ್, ಗೀಕ್‌ಬೆಂಚ್, ಸಿನಿಬೆಂಚ್ ಎಂಬ ವೇಗಪರೀಕ್ಷೆಗಳ ಅಂಕಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸಿಂಗಲ್ ಕೋರ್, ಮಲ್ಟಿ ಕೋರ್ ಎರಡನ್ನೂ ನೋಡಿ. ಮನೆಬಳಕೆಗೆ ಸಿಂಗಲ್ ಕೋರ್ ಅಂಕವೇ ಮುಖ್ಯ. ಆದರೂ ಒಂದು ಮಾತು. ಒಂದೇ ಪ್ರೊಸೆಸರ್ ಎರಡು ಲ್ಯಾಪ್‌ಟಾಪಿನಲ್ಲಿ ಎರಡು ರೀತಿ ಓಡಬಹುದು. ಫ್ಯಾನ್ ಚಿಕ್ಕದಾಗಿ, ವಿದ್ಯುತ್ ಮಿತಿ ಕಡಿಮೆ ಇಟ್ಟಿದ್ದರೆ ಹತ್ತು ನಿಮಿಷದಲ್ಲೇ ವೇಗ ಇಳಿಯುತ್ತದೆ. ಆದ್ದರಿಂದ ಆ ಲ್ಯಾಪ್‌ಟಾಪಿನದೇ ವಿಮರ್ಶೆ ಹುಡುಕಿ ಓದಿ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಇದು ಇನ್ನೂ ಜೋರು. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ 35 ವಾಟ್‌ನಿಂದ 115 ವಾಟ್‌ವರೆಗೆ ಬೇರೆ ಬೇರೆ ಮಿತಿಯಲ್ಲಿ ಬರುತ್ತದೆ. ಎಷ್ಟು ವಾಟ್ ಎಂದು ಕೇಳದೆ ಎರಡು ಗೇಮಿಂಗ್ ಲ್ಯಾಪ್‌ಟಾಪುಗಳ ಬೆಲೆ ಹೋಲಿಸಿದರೆ ಪ್ರಯೋಜನವಿಲ್ಲ.

ರ‍್ಯಾಮ್, ಎಸ್‌ಎಸ್‌ಡಿ, ಪರದೆ

"ಈಗ 8 ಜಿಬಿ ತಗೊಳ್ಳಿ, ಬೇಕಾದರೆ ಆಮೇಲೆ ಹಾಕಿಸೋಣ" ಎಂಬ ಸಲಹೆ ಹಿಂದೆ ಸರಿಯಾಗಿಯೇ ಇತ್ತು. ಈಗ ನಡೆಯುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ತನ್ನ ಗ್ರಾಹಕರ ಬ್ರ್ಯಾಂಡ್ ಆದ ಕ್ರೂಷಿಯಲ್ ವ್ಯಾಪಾರದಿಂದ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ಯಂತ್ರದ ಜೊತೆಗೇ 16 ಜಿಬಿ ಬರುತ್ತಿದ್ದರೆ ಅದನ್ನೇ ಹಿಡಿಯಿರಿ. ವಿಂಡೋಸ್ 11 ತಾನೊಂದೇ ಮೂರು, ನಾಲ್ಕು ಜಿಬಿ ತಿನ್ನುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಗೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. 8 ಜಿಬಿಯಲ್ಲಿ ಹತ್ತು ಟ್ಯಾಬ್ ಜೊತೆಗೆ ಒಂದು ವಿಡಿಯೋ ಕಾಲ್ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ.

ರ‍್ಯಾಮ್ ಕೂರಿಸುವ ಸ್ಲಾಟ್ ಎಷ್ಟು, ಬೆಸೆದದ್ದು ಎಷ್ಟು ಎಂದೂ ಕೇಳಿ. 16 ಜಿಬಿಯ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಇದ್ದರೆ, ಒಳಗಿನ ಗ್ರಾಫಿಕ್ಸ್ ನಂಬಿಕೊಂಡ ಯಂತ್ರ ಗೇಮ್‌ಗಳಲ್ಲಿ ಎದ್ದು ಕಾಣುವಷ್ಟು ವೇಗವಾಗಿ ಓಡುತ್ತದೆ.

ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಹಾರ್ಡ್ ಡಿಸ್ಕ್ ಮಾತ್ರ ಇರುವ ಯಂತ್ರ ಬೇಡ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಆಸುಪಾಸು ಓದಿದರೆ, ಹೊಸ ಬಗೆಯ ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ 3,000 ಎಂಬಿ ದಾಟುತ್ತದೆ. ಹಾಗಿದ್ದರೂ ಕಡತ ತೆರೆಯುವ, ಬ್ರೌಸ್ ಮಾಡುವ ಕೆಲಸದಲ್ಲಿ ಇವೆರಡರ ನಡುವಿನ ಅಂತರ ಕೈಗೆ ಅಷ್ಟೇನೂ ತಿಳಿಯುವುದಿಲ್ಲ. 512 ಜಿಬಿ ಸಾಕು. ವಿಂಡೋಸ್ ಅದನ್ನು 476 ಎಂದು ತೋರಿಸಿದರೆ ಗಾಬರಿಯಾಗಬೇಡಿ, ಅದು ಎಣಿಸುವ ರೀತಿಯ ವ್ಯತ್ಯಾಸ ಮಾತ್ರ.

ಕಂಪನಿಗಳು ದುಡ್ಡು ಉಳಿಸುವುದು ಪರದೆಯಲ್ಲಿ. ಅಗ್ಗದ ಲ್ಯಾಪ್‌ಟಾಪಿನ ವಿವರದಲ್ಲಿ "250 ನಿಟ್ಸ್, 45% ಎನ್‌ಟಿಎಸ್‌ಸಿ" ಎಂದಿರುತ್ತದೆ. ನಿಟ್ಸ್ ಪರದೆಯ ಬೆಳಕಿನ ಅಳತೆ; ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಬಣ್ಣಗಳ ಅಳತೆಗಳು. ಅರ್ಥ ಏನೆಂದರೆ, ಬಣ್ಣ ಮಂಕು, ಕಿಟಕಿ ಪಕ್ಕ ಕೂತರೆ ಸರಿಯಾಗಿ ಕಾಣುವುದಿಲ್ಲ. 300 ನಿಟ್ಸ್‌ಗೆ ಮೇಲಿದ್ದು, "100% ಎಸ್‌ಆರ್‌ಜಿಬಿ" ಅಥವಾ "72% ಎನ್‌ಟಿಎಸ್‌ಸಿ" ಎಂದಿದ್ದರೆ ಒಳ್ಳೆಯ ಪರದೆ. ಪರದೆಯ ಪ್ಯಾನೆಲ್ ಐಪಿಎಸ್ ಬಗೆಯದಿರಲಿ. ಅಂಗಡಿಯಲ್ಲಿ ಒಂದು ಫೋಟೋ ತೆರೆದು ಪರದೆಯನ್ನು ಹಿಂದಕ್ಕೆ ಮುಂದಕ್ಕೆ ವಾಲಿಸಿ ನೋಡಿ. ಬಣ್ಣ ತಿರುಗಿ ಹೋದರೆ ಅದು ಟಿಎನ್ ಪ್ಯಾನೆಲ್, ಬೇಡ. ದಿನಕ್ಕೆ ಆರೇಳು ಗಂಟೆ ಕಣ್ಣಿಟ್ಟು ನೋಡುವುದು ಪರದೆಯನ್ನು. ಒಂದು ಮೆಟ್ಟಿಲು ಸಣ್ಣ ಪ್ರೊಸೆಸರ್ ಒಪ್ಪಿಕೊಂಡಾದರೂ ಒಳ್ಳೆಯ ಪರದೆ ತೆಗೆದುಕೊಳ್ಳಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುವುದು.

ಅಸೆಂಬಲ್ಡ್ ಮತ್ತು ಬ್ರ್ಯಾಂಡೆಡ್ ಡೆಸ್ಕ್‌ಟಾಪ್

ಒಂದೇ ಬೆಲೆಗೆ ಹೆಚ್ಚು ಶಕ್ತಿ ಕೊಡುವುದು ಅಸೆಂಬಲ್ಡ್ ಯಂತ್ರ. ಅದಕ್ಕಿಂತ ದೊಡ್ಡ ಲಾಭ ಅದರ ಆಯುಸ್ಸು. ಐದು ವರ್ಷದ ಮೇಲೆ ಮುಖ್ಯ ಬೋರ್ಡಾದ ಮದರ್‌ಬೋರ್ಡ್ ಹೋದರೆ ಅದನ್ನೊಂದೇ ಬದಲಿಸಬಹುದು. ಪ್ರೊಸೆಸರ್, ಮದರ್‌ಬೋರ್ಡ್‌ಗಳಿಗೆ ಸಾಮಾನ್ಯವಾಗಿ 3 ವರ್ಷ, ಒಳ್ಳೆಯ ಎಸ್‌ಎಸ್‌ಡಿಗೆ 3ರಿಂದ 5 ವರ್ಷ ವಾರಂಟಿ ಇರುತ್ತದೆ. ಬ್ರ್ಯಾಂಡೆಡ್ ಡೆಸ್ಕ್‌ಟಾಪಿಗೆ ಹೆಚ್ಚಿನವು ಇಡೀ ಯಂತ್ರಕ್ಕೆ 1 ವರ್ಷ, ಹೆಚ್ಚು ಬೇಕಾದರೆ ದುಡ್ಡು ಕೊಡಬೇಕು. ಜೊತೆಗೆ ಡೆಲ್, ಎಚ್‌ಪಿಯಂಥವರ ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡ್, ಪವರ್ ಸಪ್ಲೈ ಅವರದೇ ಅಳತೆಯವು. ಹೊರಗಿನ ಭಾಗ ಕೂರುವುದಿಲ್ಲ.

ಹಾಗಂತ ಬ್ರ್ಯಾಂಡೆಡ್ ದಂಡವಲ್ಲ. ಕೆಟ್ಟರೆ ಒಂದು ಫೋನ್ ಮಾಡಿದರೆ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ ಇದ್ದರೆ, ಸುರಪುರ, ಕೊಪ್ಪ, ಸಿದ್ದಾಪುರದಂಥ ಊರಿನವರಿಗೆ ಅದು ಬಹಳ ದೊಡ್ಡ ಅನುಕೂಲ. ಅಸೆಂಬಲ್ಡ್ ಆದರೆ ಒಂದೊಂದು ಭಾಗಕ್ಕೆ ಒಂದೊಂದು ಕಂಪನಿಯ ಸರ್ವಿಸ್ ಸೆಂಟರ್, ಅವು ಇರುವುದು ದೊಡ್ಡ ಊರುಗಳಲ್ಲಿ. ಯಾವ ಭಾಗ ಕೆಟ್ಟಿದೆ ಎಂದು ಹೇಳಬಲ್ಲವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾರಾ? ಇಲ್ಲವಾದರೆ ಬ್ರ್ಯಾಂಡೆಡ್‌ಗೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥವಲ್ಲ.

ಎಸ್.ಪಿ. ರಸ್ತೆಯಲ್ಲಿ ಎರಡು ಮೂರು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ. ಬರೆಸುವಾಗ ಪ್ರತಿ ಭಾಗದ ಕಂಪನಿ ಹೆಸರು, ಮಾದರಿ, ವಾರಂಟಿ ವರ್ಷ ಇರಲೇಬೇಕು. "ಐ5, ಮದರ್‌ಬೋರ್ಡ್, 16 ಜಿಬಿ, ಕ್ಯಾಬಿನೆಟ್ ವಿತ್ ಎಸ್‌ಎಮ್‌ಪಿಎಸ್" ಎಂದಷ್ಟೇ ಬರೆದ ಕೊಟೇಶನ್ ಕೈಗೆತ್ತಿಕೊಳ್ಳಲೂ ಯೋಗ್ಯವಲ್ಲ. ಎರಡು ಅಂಗಡಿಯ ನಡುವೆ ಮೂರು ಸಾವಿರ ವ್ಯತ್ಯಾಸ ಬಂತು ಅಂದರೆ ಅದು ಸಾಮಾನ್ಯವಾಗಿ ಎಸ್‌ಎಮ್‌ಪಿಎಸ್ (ಪವರ್ ಸಪ್ಲೈ), ಎಸ್‌ಎಸ್‌ಡಿ, ಇಲ್ಲವೇ ಮದರ್‌ಬೋರ್ಡಿನಲ್ಲಿ ಅಡಗಿರುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಮ್‌ಪಿಎಸ್ ಬೇಡವೇ ಬೇಡ. ನನಗೆ ಗೊತ್ತಿರುವ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅಂಥದ್ದೊಂದು ಸುಟ್ಟಾಗ ಮದರ್‌ಬೋರ್ಡನ್ನೂ ಜೊತೆಗೆ ಎಳೆದುಕೊಂಡು ಹೋಯಿತು. 80 ಪ್ಲಸ್ ಎಂಬ ವಿದ್ಯುತ್ ದಕ್ಷತೆಯ ಗುರುತಿರುವ, ಹೆಸರುಳ್ಳ ಕಂಪನಿಯ 450 ವಾಟ್‌ನದು ಹಾಕಿಸಿ.

ಪ್ರೊಸೆಸರ್ ಹೆಸರಿನ ಕೊನೆಯಲ್ಲಿ "ಎಫ್" ಇದೆಯಾ ನೋಡಿ. ಐ5-12400ಎಫ್ ಬೆಲೆ ಐ5-12400ಕ್ಕಿಂತ ಕಡಿಮೆ, ಏಕೆಂದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂಡಿಯ ಎಎಂ5 ಮದರ್‌ಬೋರ್ಡ್ ವಾಸಿ. 2027ರವರೆಗೂ, ಆಮೇಲೂ ಇದಕ್ಕೆ ಹೊಸ ಪ್ರೊಸೆಸರ್‌ಗಳು ಬರುತ್ತವೆ ಎಂದು ಕಂಪನಿ ಹೇಳಿದೆ. ಇಂಟೆಲ್‌ನ 12, 13, 14ನೇ ತಲೆಮಾರಿನ ಬೋರ್ಡುಗಳ ದಾರಿ ಅಲ್ಲಿಗೇ ಮುಗಿಯಿತು. ಆದರೆ ಮನೆಬಳಕೆಗೆ ಐ3-12100 ಅಥವಾ ಐ5-12400 ಹಾಕಿದ ಯಂತ್ರ ಈಗಲೂ ಚೆನ್ನಾಗಿ ಸಾಗುತ್ತದೆ. ಬದಲಿಸುವ ಯೋಚನೆಯೇ ಇಲ್ಲದವರು ಅದಕ್ಕೆ ಹಿಂಜರಿಯಬೇಕಿಲ್ಲ.

ವಿಂಡೋಸ್ ಲೈಸೆನ್ಸ್ ಖರ್ಚನ್ನು ಮರೆಯಬೇಡಿ. ಅಸೆಂಬಲ್ಡ್ ಯಂತ್ರದ ಕೊಟೇಶನ್‌ನಲ್ಲಿ ಅದು ಇರುವುದಿಲ್ಲ. "ಹಾಕಿಕೊಡ್ತೀವಿ" ಎಂದರೆ ಹೆಚ್ಚಿನ ಸಲ ಅದು ಕಳ್ಳ ಪ್ರತಿ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಅದು ಬೇಡ. ಲೈಸೆನ್ಸ್‌ಗೆ ದುಡ್ಡು ಎತ್ತಿಡಿ, ಇಲ್ಲವೇ ಉಬುಂಟು, ಲಿನಕ್ಸ್ ಮಿಂಟ್ ಹಾಕಿ. ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲೇ ಯುನಿಕೋಡ್ ಕನ್ನಡ ಟೈಪ್ ಮಾಡಬಹುದು.

ರಿಫರ್ಬಿಶ್ಡ್: ಒಳ್ಳೆಯದೂ ಇಲ್ಲೇ, ಬಲೆಯೂ ಇಲ್ಲೇ

ದೊಡ್ಡ ಕಂಪನಿಗಳು ಮೂರು, ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಿಸುತ್ತವೆ. ಬೆಂಗಳೂರಿನಲ್ಲಿ ಐಟಿ ಕಂಪನಿಗಳು ಹೆಚ್ಚಿರುವುದರಿಂದ ಹೀಗೆ ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ. ಇವು ಹೊಸದಾಗಿದ್ದಾಗ ಲಕ್ಷದ ಆಸುಪಾಸಿನ ಯಂತ್ರಗಳು. ಕೀಲಿಮಣೆ, ಪರದೆಯ ಕೀಲು, ಬಿಚ್ಚಿ ರಿಪೇರಿ ಮಾಡುವ ಅನುಕೂಲ ಎಲ್ಲದರಲ್ಲೂ ಇವತ್ತಿನ 35,000ದ ಹೊಸ ಲ್ಯಾಪ್‌ಟಾಪಿಗಿಂತ ಗಟ್ಟಿ.

ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ತಲೆಮಾರು ಅಥವಾ ಮುಂದಿನದು, ಎಎಂಡಿ ಆದರೆ ರೈಜನ್ 2000 ಅಥವಾ ಮುಂದಿನದು ಆಗಿರಬೇಕು. ಈ ಗೆರೆಯ ಕೆಳಗಿನ 6 ಮತ್ತು 7ನೇ ತಲೆಮಾರಿನ ಯಂತ್ರಗಳು ಈಗ ಬಹಳ ಅಗ್ಗವಾಗಿ ಬಿಕರಿಯಾಗುತ್ತಿವೆ. "ಐ7 ಸಾರ್, ಹದಿನಾಲ್ಕು ಸಾವಿರ" ಎಂದು ಕೊಡುತ್ತಾರೆ. ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಗುತ್ತದೆ. ಗೆರೆಯ ಮೇಲಿನ 8ನೇ ತಲೆಮಾರಿನ ಐ5, ಕೆಳಗಿನ 7ನೇ ತಲೆಮಾರಿನ ಐ7ಗಿಂತ ಎಷ್ಟೋ ಮೇಲು. ಹೆಸರಿನಲ್ಲೂ ಹತ್ತಿರ ಹತ್ತಿರ ಇರುತ್ತವೆ. ಥಿಂಕ್‌ಪ್ಯಾಡ್ ಟಿ470 ಗೆರೆಯ ಕೆಳಗೆ, ಟಿ480 ಮೇಲೆ. ಡೆಲ್‌ನ ಡೆಸ್ಕ್‌ಟಾಪ್ ಆಪ್ಟಿಪ್ಲೆಕ್ಸ್ 3050 ಕೆಳಗೆ, 3060 ಮೇಲೆ. ಟಿ480ಯ ಕೆಲವು ಪ್ರತಿಗಳಲ್ಲಿ 7ನೇ ತಲೆಮಾರಿನ ಪ್ರೊಸೆಸರ್ ಕೂಡ ಇರುವುದುಂಟು, ಅದನ್ನೂ ನೋಡಿಕೊಳ್ಳಿ. ಲಿನಕ್ಸ್ ಮಾತ್ರ ಬಳಸುವುದಾದರೆ ಗೆರೆಯ ಕೆಳಗಿನ ಅಗ್ಗದ ಯಂತ್ರವೂ ಒಳ್ಳೆಯ ಕೊಳ್ಳುವಿಕೆಯೇ.

ಕೊಳ್ಳುವಾಗ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಂಖ್ಯೆ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ಬೆಲೆಯನ್ನು ಸೇರಿಸಿಯೇ ಹೋಲಿಸಬೇಕು. ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂಬುದನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹಾಕಿ, ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಒಳಗೆ ಹೋಗಲು ಪಾಸ್‌ವರ್ಡ್ ಕೇಳಿದರೆ ಅಲ್ಲೇ ವಾಪಸ್ ಕೊಡಿ. ಹಳೆಯ ಕಂಪನಿಯ ಬೀಗ ಇನ್ನೂ ಅದರಲ್ಲಿದೆ ಎಂದರ್ಥ. ಇಂಥ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ ಪ್ರೊ ಲೈಸೆನ್ಸ್ ಮದರ್‌ಬೋರ್ಡಿನಲ್ಲೇ ಇರುತ್ತದೆ. ಆ ಖರ್ಚು ಉಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾರಂಟಿ ಕೊಡುವುದು ಮಾರುವವರು, ತಯಾರಿಸಿದ ಕಂಪನಿಯಲ್ಲ. ಆರು ತಿಂಗಳಾದರೂ ಬಿಲ್ ಮೇಲೆ ಬರೆದುಕೊಡಲಿ.

ಮನೆಯಲ್ಲೇ ಇಡುವುದಾದರೆ ಇದೇ ಸಾಲಿನ ಪುಟ್ಟ ಡೆಸ್ಕ್‌ಟಾಪುಗಳನ್ನು ನೋಡಿ. ಆಪ್ಟಿಪ್ಲೆಕ್ಸ್ ಮೈಕ್ರೋ, ಥಿಂಕ್‌ಸೆಂಟರ್ ಟೈನಿ, ಎಲೈಟ್‌ಡೆಸ್ಕ್ ಮಿನಿ. ಪುಸ್ತಕದಷ್ಟು ದೊಡ್ಡವು. ಬ್ಯಾಟರಿಯ ಚಿಂತೆ ಇಲ್ಲ, ಪರದೆ ಸವೆದಿರುವ ಚಿಂತೆ ಇಲ್ಲ, ಹೊಸ ಮಾನಿಟರ್ ಹಾಕಿಕೊಳ್ಳಬಹುದು. ಓದುವ ಮಕ್ಕಳಿರುವ ಮನೆಗೆ, ಚಿಕ್ಕ ಅಂಗಡಿಗೆ, ಊರಿನ ಗ್ರಂಥಾಲಯಕ್ಕೆ ಇದಕ್ಕಿಂತ ಒಳ್ಳೆಯ ಬೆಲೆಗೆ ಒಳ್ಳೆಯ ಯಂತ್ರ ನನಗೆ ಕಂಡಿಲ್ಲ.

ಮ್ಯಾಕ್ ಮಿನಿ

ಎಂ4 ಚಿಪ್ಪಿನ ಮ್ಯಾಕ್ ಮಿನಿ 2024ರಲ್ಲಿ ಬಂದಾಗ ಭಾರತದ ಬೆಲೆ 59,900 ರೂಪಾಯಿ. ವಿದ್ಯಾರ್ಥಿ, ಶಿಕ್ಷಕರಿಗೆ 49,900. ಅದಕ್ಕೆ 16 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. ಆ ಬೆಲೆಗೆ ಅಷ್ಟು ವೇಗದ, ಅಷ್ಟು ಸದ್ದಿಲ್ಲದ ಹೊಸ ಯಂತ್ರ ಬೇರೆ ಯಾರೂ ಕೊಡುವುದಿಲ್ಲ. ಬಹಳ ವರ್ಷ ಬಾಳುತ್ತದೆ ಕೂಡ. 2020ರ ಎಂ1 ಮ್ಯಾಕ್‌ಗಳಿಗೂ 2025ರ ಮ್ಯಾಕ್‌ಓಎಸ್ ಸಿಕ್ಕಿದೆ.

ಮಾನಿಟರ್, ಕೀಲಿಮಣೆ, ಮೌಸ್ ನಿಮ್ಮದೇ. ಮೆಮೊರಿ ಆಮೇಲೆ ಏರಿಸಲು ಬರುವುದಿಲ್ಲ. 2024ರ ಬೆಲೆಯಲ್ಲಿ, ಕೊಳ್ಳುವಾಗಲೇ 8 ಜಿಬಿ ಮೆಮೊರಿ ಹೆಚ್ಚು ಬೇಕೆಂದರೆ 20,000, ಎಸ್‌ಎಸ್‌ಡಿ 512ಕ್ಕೆ ಏರಿಸಿದರೆ ಮತ್ತೆ 20,000. ಎರಡನ್ನೂ ಸೇರಿಸಿದರೆ ಬೆಲೆ ಒಂದು ಲಕ್ಷಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಗೆ ಅದು ಒಳ್ಳೆಯ ವ್ಯಾಪಾರ ಆಗಿ ಉಳಿಯುವುದಿಲ್ಲ. ಮೂಲ ಮಾದರಿಯನ್ನೇ ಕೊಂಡು ಫೋಟೋ, ವಿಡಿಯೋಗಳನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಇಡುವುದು ಜಾಣತನ. ಆಪಲ್‌ನ ಸ್ವಂತ ಅಂಗಡಿ 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಶುರುವಾಗಿದೆ. ಬೇರೆ ಊರಿನವರು ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ ಎಂದು ಮೊದಲೇ ನೋಡಿಕೊಳ್ಳಬೇಕು.

ಈಗ ಲೆಕ್ಕ

ಒಂದು ಹೊಸ ಲ್ಯಾಪ್‌ಟಾಪ್ 38,000 ಅಂದುಕೊಳ್ಳೋಣ. ಬೆಸೆದ 8 ಜಿಬಿ, 7520ಯು. ಇನ್ನೊಂದು 54,000. 7530ಯು, 16 ಜಿಬಿ, ಒಳ್ಳೆಯ ಪರದೆ. ಮೊದಲನೆಯದು ನಾಲ್ಕು ವರ್ಷ ಬಂದರೆ ವರ್ಷಕ್ಕೆ 9,500. ಎರಡನೆಯದು ಆರು ವರ್ಷ ಬಂದರೆ 9,000. ಹೆಚ್ಚು ಕಡಿಮೆ ಒಂದೇ. ಆದರೆ ಮೊದಲನೆಯದರ ಕೊನೆಯ ಎರಡು ವರ್ಷ ನಿಮ್ಮ ತಾಳ್ಮೆಯನ್ನು ತಿನ್ನುತ್ತವೆ, ಮಧ್ಯೆ ಏರಿಸಲೂ ದಾರಿಯಿಲ್ಲ. 38,000ಕ್ಕೆ ಮೇಲೆ ಹೋಗಲು ಆಗುವುದೇ ಇಲ್ಲ ಎನ್ನುವವರು ಈ ಹೊಸದಕ್ಕಿಂತ 8ನೇ ತಲೆಮಾರಿಗೆ ಮೇಲಿನ ಒಳ್ಳೆಯ ರಿಫರ್ಬಿಶ್ಡ್ ನೋಡುವುದು ಉತ್ತಮ.

ಡೆಸ್ಕ್‌ಟಾಪ್ ಲೆಕ್ಕದಲ್ಲಿ ಜನ ಕರೆಂಟ್ ಬಿಲ್ಲಿಗೆ ಹೆದರುತ್ತಾರೆ. ಲ್ಯಾಪ್‌ಟಾಪಿಗಿಂತ 60 ವಾಟ್ ಹೆಚ್ಚು ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 6 ಗಂಟೆ, ವರ್ಷಕ್ಕೆ 300 ದಿನ ಎಂದರೆ 108 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 650ರ ಆಸುಪಾಸು. ಅದು ದೊಡ್ಡದಲ್ಲ. ನಿಜವಾದ ಖರ್ಚು ಯುಪಿಎಸ್‌ನದು. ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಈ ಖರ್ಚು ಉಳಿಯುತ್ತದೆ. ಇನ್ವರ್ಟರ್ ಇಲ್ಲ, ದಿನಕ್ಕೆ ಮೂರು ನಾಲ್ಕು ತಾಸು ಕರೆಂಟೂ ಇರುವುದಿಲ್ಲ ಎಂಬ ಊರಲ್ಲಿ ಮೇಜು ಬಿಟ್ಟು ಕದಲದಿದ್ದರೂ ಲ್ಯಾಪ್‌ಟಾಪೇ ಸರಿ.

ಅಂಗಡಿ, ಕಚೇರಿಗೆ ಕೊಳ್ಳುವವರಿಗೆ ಇನ್ನೊಂದು ಲೆಕ್ಕವಿದೆ. ಕಂಪ್ಯೂಟರಿಗೆ ಜಿಎಸ್‌ಟಿ 18%. 59,000ದ ಬಿಲ್ಲಿನಲ್ಲಿ ಯಂತ್ರದ ಬೆಲೆ 50,000, ತೆರಿಗೆ 9,000. ನೀವು ಕಾಂಪೋಸಿಷನ್ ಅಲ್ಲದ ಜಿಎಸ್‌ಟಿ ನೋಂದಣಿ ಹೊಂದಿದ್ದು, ಯಂತ್ರ ವ್ಯಾಪಾರಕ್ಕೇ ಆದರೆ, ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿದ ಬಿಲ್ ಮೇಲೆ ಆ 9,000 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. "ಬಿಲ್ ಬೇಡ ಅಂದರೆ ಎರಡು ಸಾವಿರ ಕಡಿಮೆ" ಎನ್ನುವವರ ಮಾತಿಗೆ ಬಿದ್ದರೆ ಕ್ರೆಡಿಟ್ಟೂ ಇಲ್ಲ, ವಾರಂಟಿಗೆ ಆಧಾರವೂ ಇಲ್ಲ.

ನನ್ನ ಆಯ್ಕೆ

ಪಿಯುಸಿವರೆಗಿನ ಮಕ್ಕಳಿರುವ ಮನೆಗೆ ರಿಫರ್ಬಿಶ್ಡ್ ಪುಟ್ಟ ಡೆಸ್ಕ್‌ಟಾಪ್, ಹೊಸ ಮಾನಿಟರ್. ಎಂಜಿನಿಯರಿಂಗ್ ಹಾಸ್ಟೆಲಿಗೆ 16 ಜಿಬಿಯ ಹೊಸ ಲ್ಯಾಪ್‌ಟಾಪ್, ಕಂಪ್ಯೂಟರ್ ಸೈನ್ಸ್ ಆದರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಸಾಲಿಡ್‌ವರ್ಕ್ಸ್‌ನಂಥದ್ದಿದ್ದರೆ ಬೇಕು. ಟ್ಯಾಲಿ ಅಂಗಡಿಗೆ, ದೂರದ ಊರಾದರೆ ಆನ್‌ಸೈಟ್ ವಾರಂಟಿಯ ಬ್ರ್ಯಾಂಡೆಡ್, ಬೆಂಗಳೂರು, ಹುಬ್ಬಳ್ಳಿ, ಮಂಗಳೂರಾದರೆ ಅಸೆಂಬಲ್ಡ್. ಯೂಟ್ಯೂಬ್ ವಿಡಿಯೋ ಮಾಡುವವರಿಗೆ, ವಿಂಡೋಸ್ ಹಂಗಿಲ್ಲದಿದ್ದರೆ ಮ್ಯಾಕ್ ಮಿನಿ. ಆಲ್ ಇನ್ ಒನ್ ಯಂತ್ರಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಭಾಗಗಳನ್ನು ಹೊತ್ತೊಯ್ಯಲಾಗದ ಪೆಟ್ಟಿಗೆಯಲ್ಲಿ ಹಾಕಿರುತ್ತಾರೆ, ಒಂದು ಕೆಟ್ಟರೆ ಪರದೆಯೂ ಸೇರಿ ಮೂಲೆಗೆ ಹೋಗುತ್ತದೆ.

ಯಂತ್ರ ಮನೆಗೆ ಬಂದ ದಿನವೇ ಮಾದರಿ ಸಂಖ್ಯೆ, ರ‍್ಯಾಮ್, ಎಸ್‌ಎಸ್‌ಡಿ ಎಲ್ಲವನ್ನೂ ಬಿಲ್ ಜೊತೆ ತಾಳೆ ನೋಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಪೆಟ್ಟಿಗೆ ತೆರೆಯುವುದರ ವಿಡಿಯೋ ಇಟ್ಟುಕೊಳ್ಳಿ. ಆಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ಸಂಖ್ಯೆ ಹಾಕಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ಪರೀಕ್ಷಿಸಿ. ಎಷ್ಟೋ ಸಲ ಅದು ಗೋದಾಮಿನಿಂದ ಹೊರಟ ದಿನದಿಂದ ಓಡುತ್ತಿರುತ್ತದೆ. ಬಿಲ್‌ನ ಪ್ರತಿ ಕಳಿಸಿ ಕೇಳಿದರೆ ನೀವು ಕೊಂಡ ದಿನಕ್ಕೆ ಸರಿಮಾಡಿಕೊಡುತ್ತಾರೆ. ಎರಡು ಮೂರು ತಿಂಗಳ ವಾರಂಟಿ ಹೀಗೆ ವಾಪಸ್ ಸಿಗುವುದುಂಟು.